ಒಂದೂವರೆ ಸೆಕೆಂಡಿನ ಲೆಕ್ಕ

ಈಗಿನ ಎಲೆಕ್ಟ್ರಿಕ್ ಕಾರುಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಬಂದುಬಿಟ್ಟಿದೆ, ಅದರ ಬಗ್ಗೆ ಮಾತಾಡಬೇಕು. ಅದಕ್ಕೆ ಮೊದಲು ಒಂದು ಹಳೆಯ ಕಾರಿನ ವಿಷಯ ಹೇಳಿಬಿಡುತ್ತೇನೆ. 1899ರ ಏಪ್ರಿಲ್ 29. ಪ್ಯಾರಿಸ್ ಹತ್ತಿರದ ಅಷೇರ್ ಎಂಬ ಜಾಗ. ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಎಂಬಾತ ಬಂದೂಕಿನ ಗುಂಡಿನ ಆಕಾರದ ಗಾಡಿಯೊಂದನ್ನು ಓಡಿಸಿ ಗಂಟೆಗೆ 105 ಕಿ.ಮೀ. ದಾಟಿದ. ರಸ್ತೆಯ ಮೇಲೆ ಓಡುವ ವಾಹನವೊಂದು ನೂರರ ಗಡಿ ದಾಟಿದ್ದು ಅದೇ ಮೊದಲು. ಆ ಗಾಡಿಯಲ್ಲಿ ಪೆಟ್ರೋಲ್ ಇರಲಿಲ್ಲ. ಅದು ಬ್ಯಾಟರಿ ಗಾಡಿ. ಹೆಸರು ‘ಲಾ ಜಮೇ ಕಾಂತಾಂತ್’, ಅಂದರೆ ಎಂದಿಗೂ ತೃಪ್ತಿಯಾಗದವಳು. ಎರಡು ಮೋಟಾರು ಸೇರಿ ಸುಮಾರು 68 ಹಾರ್ಸ್ ಪವರ್.

ಜೆನಾಟ್ಸಿ ಆಮೇಲೆ ಪೆಟ್ರೋಲ್ ರೇಸುಗಳಲ್ಲೂ ದೊಡ್ಡ ಹೆಸರು ಮಾಡಿದ. ಆದರೆ ಅವನು ಸತ್ತದ್ದು ರೇಸಿನಲ್ಲಲ್ಲ. 1913ರಲ್ಲಿ ಸ್ನೇಹಿತರ ಜೊತೆ ಬೇಟೆಗೆ ಹೋಗಿದ್ದಾಗ ಪೊದೆಯ ಹಿಂದೆ ಅಡಗಿ, ತಮಾಷೆಗೆ ಕಾಡುಪ್ರಾಣಿಯ ಹಾಗೆ ಕೂಗಿದ. ನಿಜವಾದ ಪ್ರಾಣಿಯೇ ಅಂದುಕೊಂಡು ಒಬ್ಬ ಸ್ನೇಹಿತ ಗುಂಡು ಹಾರಿಸಿಬಿಟ್ಟ. ನಗಬೇಡಿ. ಎದುರಿಗಿರುವವನು ನಮ್ಮನ್ನು ಏನು ಅಂದುಕೊಂಡಿದ್ದಾನೆ ಅನ್ನುವುದರ ಮೇಲೆ ಕೆಲವೊಮ್ಮೆ ಜೀವ ನಿಂತಿರುತ್ತದೆ. ಈ ಮಾತನ್ನು ಇಲ್ಲಿ ಇಟ್ಟಿರುತ್ತೇನೆ, ಸ್ವಲ್ಪ ಹೊತ್ತಿನ ನಂತರ ಬೇಕಾಗುತ್ತದೆ.

ಈಗಿನ ಎಲೆಕ್ಟ್ರಿಕ್ ಕಾರುಗಳ ಅಂಕಿಗಳಿಗೆ ಬರೋಣ. ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್ ಕಾರಿಗೆ 1,020 ಹಾರ್ಸ್ ಪವರ್. ಲೂಸಿಡ್ ಏರ್ ಸಫೈರ್‌ಗೆ 1,234. ಎರಡೂ ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರುಗಳು. ಕ್ರೊಯೇಷಿಯಾದ ರಿಮಾಟ್ಸ್ ನೆವೆರಾ ಅಂತೂ 1,914. ಇಷ್ಟು ಕುದುರೆಗಳನ್ನು ಕಟ್ಟಿಕೊಂಡು ಹಾಲು ತರಲು ಹೋಗುವುದೇ ಅಂತ ನಿಮಗೆ ಅನಿಸಬಹುದು. ನನಗೆ ಇವುಗಳ ಚಿಂತೆ ಅಷ್ಟಿಲ್ಲ. ಇವು ಎಲ್ಲೋ ಕೆಲವರ ಹತ್ತಿರ ಇರುವ ಆಟಿಕೆಗಳು.

ನನಗೆ ಯೋಚನೆ ಹತ್ತಿಸಿದ್ದು ಚಿಕ್ಕ ಕಾರುಗಳು. ವೋಲ್ವೋ ಇಎಕ್ಸ್30 ನೋಡಿ. ಪುಟ್ಟ ಕಾರು. ಅದರ ಎರಡು ಮೋಟಾರಿನ ಮಾದರಿಗೆ 428 ಹಾರ್ಸ್ ಪವರ್. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.6 ಸೆಕೆಂಡ್. ಎಂಜಿ4 ಎಕ್ಸ್‌ಪವರ್ ಎಂಬ ಸಾಮಾನ್ಯ ಹ್ಯಾಚ್‌ಬ್ಯಾಕ್ 4 ಸೆಕೆಂಡಿನೊಳಗೆ ಅದೇ ವೇಗ ಮುಟ್ಟುತ್ತದೆ.

ಇದು ಎಷ್ಟು ಅಂತ ಅಂದಾಜಿಗೆ ಬರಬೇಕಾದರೆ 1975ರ ಪೋರ್ಷೆ 911 ಟರ್ಬೋ ನೆನಪಿಸಿಕೊಳ್ಳಿ. ಕಾರಿನ ಹುಚ್ಚು ಇರುವವರು ಅದಕ್ಕೆ ಇಟ್ಟ ಅಡ್ಡಹೆಸರೇ ‘ವಿಡೋಮೇಕರ್’. ಹೆಂಡತಿಯರನ್ನು ವಿಧವೆ ಮಾಡುವ ಕಾರು. ಅದಕ್ಕಿದ್ದದ್ದು 260 ಹಾರ್ಸ್ ಪವರ್, ನೂರಕ್ಕೆ ಸುಮಾರು ಐದೂವರೆ ಸೆಕೆಂಡ್. ಈವತ್ತು ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡು ಹೋಗುವ ಕಾರು ಅದಕ್ಕಿಂತ ಎರಡು ಸೆಕೆಂಡ್ ಬೇಗ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಆ ಪೋರ್ಷೆ ಅಪಾಯಕಾರಿ ಆಗಿದ್ದು ಬರೀ ಶಕ್ತಿಯಿಂದಲ್ಲ. ಎಂಜಿನ್ ಹಿಂಬದಿಯ ಚಕ್ರಕ್ಕಿಂತ ಹಿಂದೆ ಇತ್ತು. ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಟರ್ಬೋ ತಡವಾಗಿ, ಒಮ್ಮೆಲೇ ಒದೆಯುತ್ತಿತ್ತು, ಅದೂ ತಿರುವಿನ ಮಧ್ಯೆ. ಈಗಿನ ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ಜಾರತೊಡಗಿದ ತಕ್ಷಣ ಕಂಪ್ಯೂಟರ್ ಮೋಟಾರಿನ ಬಲ ಕಡಿಮೆ ಮಾಡುತ್ತದೆ. ಹಾಗಾಗಿ ಸಾವಿರ ಹಾರ್ಸ್ ಪವರ್ ಅಂದ ಮಾತ್ರಕ್ಕೆ ಕಾರು ರಸ್ತೆ ಬಿಟ್ಟು ಹಾರುವುದಿಲ್ಲ. ಹಿಡಿತದ ಸಮಸ್ಯೆಯನ್ನು ಎಂಜಿನಿಯರ್‌ಗಳು ಹೆಚ್ಚುಕಡಿಮೆ ಬಗೆಹರಿಸಿದ್ದಾರೆ. ಉಳಿದಿರುವುದು ಡ್ರೈವರ್ ಸೀಟಿನಲ್ಲಿ ಕೂತಿರುವ ನಾವು.

ಇಷ್ಟೊಂದು ಶಕ್ತಿ ಬಂದದ್ದಾದರೂ ಎಲ್ಲಿಂದ? ನಮಗೆ 400 ಹಾರ್ಸ್ ಪವರ್ ಬೇಕು ಅಂತ ಮನೆಮಂದಿ ಸಾಲು ನಿಂತು ಕೇಳಿದ್ದರೇ? ಇಲ್ಲ. ಅವರು ಕೇಳಿದ್ದು ಒಂದೇ: ಒಮ್ಮೆ ಚಾರ್ಜ್ ಮಾಡಿದರೆ ಜಾಸ್ತಿ ದೂರ ಹೋಗಬೇಕು. ಜಾಸ್ತಿ ದೂರಕ್ಕೆ ದೊಡ್ಡ ಬ್ಯಾಟರಿ ಬೇಕು. ದೊಡ್ಡ ಬ್ಯಾಟರಿ ಒಂದೇ ಏಟಿಗೆ ಜಾಸ್ತಿ ಕರೆಂಟ್ ಕೊಡಬಲ್ಲದು. ಮಂಜಿನಲ್ಲಿ ಜಾರದಿರಲಿ ಅಂತ ಮುಂದಿನ ಚಕ್ರಗಳಿಗೂ ಒಂದು ಮೋಟಾರು ಹಾಕಿದರೆ ಶಕ್ತಿ ಅಲ್ಲೇ ಸುಮಾರು ಎರಡರಷ್ಟಾಯಿತು. ಬ್ರೇಕ್ ಹಾಕುವಾಗ ಹೊರಬರುವ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬಲೂ ಬಲವಾದ ಮೋಟಾರು ಇದ್ದರೇ ಒಳ್ಳೆಯದು. ಪೆಟ್ರೋಲ್ ಕಾರಿನಲ್ಲಿ ಹೀಗಿರಲಿಲ್ಲ. ಅಲ್ಲಿ ಶಕ್ತಿ ಬೇಕಾದರೆ ದೊಡ್ಡ ಎಂಜಿನ್ ಹೊರಬೇಕು, ಮೆಲ್ಲಗೆ ಹೋಗುವಾಗಲೂ ಅದಕ್ಕೆ ಎಣ್ಣೆ ಕುಡಿಸುತ್ತಾ ಇರಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಶಕ್ತಿ ಕರೆಯದೆ ಬಂದ ನೆಂಟ. ಬಂದ ಮೇಲೆ ಕಂಪನಿಗಳು ಅದನ್ನೇ ಜಾಹೀರಾತು ಮಾಡಿಕೊಂಡವು. ಕಾರು ಎಷ್ಟು ಜೋರಾಗಿ ಹೊರಡಬೇಕು ಅಂತ ಆರಿಸುವ ಮೋಡ್‌ಗಳಲ್ಲಿ ಒಂದಕ್ಕೆ ಟೆಸ್ಲಾ 2014ರಲ್ಲಿ ‘ಇನ್‌ಸೇನ್’ ಅಂತ ಹೆಸರಿಟ್ಟಿತು. ಹುಚ್ಚು ಅಂತ. ಮರುವರ್ಷ ಅದಕ್ಕೂ ಮೇಲಿನದಕ್ಕೆ ‘ಲೂಡಿಕ್ರಸ್’. ಹಾಸ್ಯಾಸ್ಪದ ಅಂತ. ತಯಾರಿಸಿದವರೇ ಹೇಳಿಬಿಟ್ಟ ಮೇಲೆ ನಾನೇನು ಹೇಳಲಿ.

ನಿಜಕ್ಕೂ ಎಷ್ಟು ಬೇಕು ಅಂತಲೂ ನೋಡೋಣ. ಸಾಧಾರಣ ಎಲೆಕ್ಟ್ರಿಕ್ ಕಾರು ಸಮತಟ್ಟಾದ ರಸ್ತೆಯಲ್ಲಿ 100 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗಲು 15ರಿಂದ 20 ಕಿಲೋವ್ಯಾಟ್ ಸಾಕು. ಹೆಚ್ಚೆಂದರೆ 27 ಹಾರ್ಸ್ ಪವರ್. ಉಳಿದದ್ದೆಲ್ಲ ಏರು ಹತ್ತಲಿಕ್ಕೆ ಸ್ವಲ್ಪ, ಓವರ್‌ಟೇಕ್ ಮಾಡಲಿಕ್ಕೆ ಸ್ವಲ್ಪ. ಮಿಕ್ಕದ್ದು ಸುಮ್ನೆ ಇರುತ್ತದೆ.

ಸುಮ್ನೆ ಇರುತ್ತದೆ ಅಂದೆ. ತಕರಾರು ಇರುವುದೇ ಅಲ್ಲಿ.

ಸ್ನೇಹಿತರೊಬ್ಬರು ಹೊಸ ಎಲೆಕ್ಟ್ರಿಕ್ ಕಾರು ತಂದಾಗ ಓಡಿಸಿ ನೋಡಿ ಅಂತ ಕೀಲಿ ಕೈಗಿಟ್ಟರು. ನಾನು ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಪಾರ್ಕಿಂಗ್‌ನಿಂದ ಹೊರಗೆ ಬರುವಾಗ ಸಣ್ಣ ದಿಬ್ಬವೊಂದಿತ್ತು. ನನ್ನ ಹಳೆಯ ಕಾರಿನಲ್ಲಿ ಒತ್ತುವ ಅಭ್ಯಾಸದಂತೆ ಆಕ್ಸಿಲರೇಟರ್ ಒತ್ತಿದೆ. ಕಾರು ದಿಬ್ಬ ಹತ್ತಲಿಲ್ಲ, ಹಾರಿತು. ಎದುರಿನ ಗೋಡೆಗೆ ಒಂದು ಮಾರು ಇರುವಾಗ ನಿಂತಿತು. ನಿಲ್ಲಿಸಿದ್ದು ನಾನೋ ಕಾರೋ ಈಗಲೂ ಗೊತ್ತಿಲ್ಲ. ಸ್ನೇಹಿತರು ನಕ್ಕು, ‘ಪಿಕಪ್ ಹೇಗಿದೆ?’ ಅಂದರು. ನನ್ನ ಬಾಯಲ್ಲಿ ಮಾತಿರಲಿಲ್ಲ.

ಪಿಕಪ್. ಈ ಪದವೇ ಸರಿ. ನಾವು ಹಾರ್ಸ್ ಪವರ್ ಬಗ್ಗೆ ಮಾತಾಡುತ್ತೇವೆ, ಟಾಪ್ ಸ್ಪೀಡ್ ಬಗ್ಗೆ ಮಾತಾಡುತ್ತೇವೆ. ದಿನನಿತ್ಯದ ರಸ್ತೆಯಲ್ಲಿ ಲೆಕ್ಕಕ್ಕೆ ಬರುವುದು ಪಿಕಪ್. ಅದರಲ್ಲೂ ಮೊದಲ ಒಂದೂವರೆ ಸೆಕೆಂಡಿನ ಪಿಕಪ್. ಯಾಕೆ ಒಂದೂವರೆ? ಏನೋ ಎಡವಟ್ಟಾಗಿದೆ ಅಂತ ಮನುಷ್ಯನಿಗೆ ಹೊಳೆದು, ಕಾಲು ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಬರಲು ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಗಾಬರಿಯಾದರೆ ಇನ್ನೂ ಜಾಸ್ತಿ.

ಒಂದು ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ಎರಡು ಕಾರು ನಿಂತಿವೆ. ಒಂದು ನೂರು ಮುಟ್ಟಲು 10 ಸೆಕೆಂಡ್ ತೆಗೆದುಕೊಳ್ಳುವ ಹಳೆಯ ಪೆಟ್ರೋಲ್ ಕಾರು. ಇನ್ನೊಂದು 3 ಸೆಕೆಂಡಿನ ಎಲೆಕ್ಟ್ರಿಕ್. ಪಿಕಪ್ ಮೊದಲಿಂದ ಕೊನೆವರೆಗೆ ಒಂದೇ ಸಮ ಅಂತ ಇಟ್ಟುಕೊಳ್ಳಿ. ಇಬ್ಬರು ಡ್ರೈವರ್‌ಗಳೂ ಒಂದೇ ತಪ್ಪು ಮಾಡುತ್ತಾರೆ: ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಒಂದೂವರೆ ಸೆಕೆಂಡ್ ಕಳೆಯಿತು. ಹಳೆಯ ಕಾರು 3 ಮೀಟರ್ ಮುಂದೆ ಬಂದಿದೆ, ವೇಗ 15 ಕಿ.ಮೀ. ಎಲೆಕ್ಟ್ರಿಕ್ ಕಾರು 10 ಮೀಟರ್ ಮುಂದೆ ಹೋಗಿದೆ, ವೇಗ 50 ಕಿ.ಮೀ. ವೇಗ ಮೂರು ಪಟ್ಟು ಚಿಲ್ಲರೆ. ಆದರೆ ಗುದ್ದಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ ಅಂತ ಶಾಲೆಯಲ್ಲಿ ಓದಿದ್ದೀರಲ್ವಾ? ಎರಡೂ ಕಾರಿನ ತೂಕ ಒಂದೇ ಆಗಿದ್ದರೂ ಅದು ಹನ್ನೊಂದು ಪಟ್ಟು. 15 ಕಿ.ಮೀ. ವೇಗದ ಗುದ್ದಿಗೆ ಬಂಪರ್ ಹೋಗುತ್ತದೆ. 50ಕ್ಕೆ ಎದುರಿಗೆ ಮನುಷ್ಯ ಇದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ತಪ್ಪು ಒಂದೇ. ಎರಡನೆಯ ಡ್ರೈವರ್ ಹೆಚ್ಚು ದಡ್ಡನೂ ಅಲ್ಲ, ಹೆಚ್ಚು ಕುಡಿದೂ ಇಲ್ಲ. ಅವನಿಗೆ ತಪ್ಪನ್ನು ತಿದ್ದಿಕೊಳ್ಳಲು ಸಿಕ್ಕ ಹೊತ್ತು ಕಡಿಮೆ, ಅಷ್ಟೇ. ನಿಜ ಜೀವನದಲ್ಲಿ ವ್ಯತ್ಯಾಸ ಇನ್ನೊಂದು ರೀತಿಯಲ್ಲೂ ಇದೆ. ಪೆಟ್ರೋಲ್ ಎಂಜಿನ್ ಮೊದಲು ಗರ್ಜಿಸುತ್ತದೆ, ಗೇರ್ ಇಳಿಸಿಕೊಳ್ಳುತ್ತದೆ, ‘ತಡಿ, ಬಂದೆ’ ಅನ್ನುತ್ತದೆ. ಆ ಗದ್ದಲದಲ್ಲೇ ಡ್ರೈವರ್‌ಗೆ ತಾನು ಒತ್ತಿದ್ದು ಬ್ರೇಕ್ ಅಲ್ಲ ಅಂತ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಮೋಟಾರಿಗೆ ಸೊನ್ನೆ ವೇಗದಲ್ಲೇ ಪೂರ್ತಿ ಎಳೆತ ಇರುತ್ತದೆ. ಅದು ಏನೂ ಹೇಳದೆ ಹೊರಟುಬಿಡುತ್ತದೆ.

ಈಗ ಜೆನಾಟ್ಸಿಯ ಪೊದೆಗೆ ವಾಪಸ್ ಬರುತ್ತೇನೆ. ರಸ್ತೆ ದಾಟುವಾಗ ನಾವು ಏನು ಮಾಡುತ್ತೇವೆ? ದೂರದ ಕಾರನ್ನು ನೋಡುತ್ತೇವೆ, ಮನಸ್ಸಿನಲ್ಲೇ ಒಂದು ಅಂದಾಜು ಹಾಕುತ್ತೇವೆ, ಕಾಲಿಡುತ್ತೇವೆ. ಆ ಅಂದಾಜು ಹುಟ್ಟಿದ್ದು ನೂರು ವರ್ಷದ ಪೆಟ್ರೋಲ್ ಗಾಡಿಗಳ ಅನುಭವದಿಂದ. ನಿಂತಿರುವ ಕಾರು ಅಂದರೆ ನಮ್ಮ ಲೆಕ್ಕದಲ್ಲಿ ನಿಧಾನದ ಕಾರು. ಹೊರಟರೂ ನಾವು ದಾಟುವಷ್ಟರಲ್ಲಿ ನಮ್ಮ ಹತ್ತಿರ ಬರುವುದಿಲ್ಲ ಅಂತ ಧೈರ್ಯ. ಮುದುಕರು, ಮಕ್ಕಳು, ಸೈಕಲ್ಲಿನವರು ಎಲ್ಲರೂ ಈ ಧೈರ್ಯದ ಮೇಲೇ ರಸ್ತೆಗೆ ಇಳಿಯುತ್ತಾರೆ. ಎದುರಿಗೆ ನಿಂತಿರುವುದು ಮಾಮೂಲಿ ಕಾರಿನ ವೇಷದಲ್ಲಿರುವ ರೇಸ್ ಕಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಿಂದೆಲ್ಲ ರೇಸ್ ಕಾರು ನೋಡಿದರೇ ತಿಳಿಯುತ್ತಿತ್ತು. ನೆಲಕ್ಕೆ ತಾಗುವ ಹಾಗೆ ಇರುತ್ತಿತ್ತು, ಬೀದಿಯ ಆ ತುದಿಯಿಂದಲೇ ಸದ್ದು ಬರುತ್ತಿತ್ತು.

ಸದ್ದಿನ ವಿಷಯ ಬಂತು. ಬ್ರಿಟನ್ನಿನ 2013ರಿಂದ 2017ರವರೆಗಿನ ಅಪಘಾತಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2024ರಲ್ಲಿ ಬಂತು. ಓಡಿದ ದೂರಕ್ಕೆ ಹೋಲಿಸಿದರೆ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳು ಪಾದಚಾರಿಗಳಿಗೆ ಗುದ್ದುವ ಸಾಧ್ಯತೆ ಪೆಟ್ರೋಲ್, ಡೀಸೆಲ್ ಕಾರುಗಳಿಗಿಂತ ಸುಮಾರು ಎರಡು ಪಟ್ಟು ಅಂತ ಅದು ಹೇಳಿತು. ಪಟ್ಟಣದ ಬೀದಿಗಳಲ್ಲಿ ಇದು ಇನ್ನೂ ಹೆಚ್ಚು. ಆದರೆ ತಡೆಯಿರಿ. ಆ ವರ್ಷಗಳ ಹೈಬ್ರಿಡ್‌ಗಳು ಹೆಚ್ಚಿನವು ಸೌಮ್ಯ ಕಾರುಗಳೇ. ಹಾಗಾಗಿ ಅದನ್ನು ಶಕ್ತಿಯ ತಲೆಗೆ ಕಟ್ಟುವುದು ತಪ್ಪು. ಸದ್ದಿಲ್ಲದಿರುವುದು ಮುಖ್ಯ ಕಾರಣ ಇರಬಹುದು. ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ 20 ಕಿ.ಮೀ.ವರೆಗಿನ ವೇಗದಲ್ಲಿ ಸದ್ದು ಮಾಡಲೇಬೇಕು ಅಂತ ನಿಯಮ ಮಾಡಿದ್ದೂ ಇದಕ್ಕೇ.

ಇಂಥ ವಿಷಯದಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಮಜವಾದ ಕಥೆ ಇದೆ. 2022ರಲ್ಲಿ ಸ್ವಿಟ್ಜರ್ಲೆಂಡಿನ ಆಕ್ಸಾ ವಿಮಾ ಕಂಪನಿ ತನ್ನ ಅಂಕಿಅಂಶ ಮುಂದಿಟ್ಟಿತು: ಎಲೆಕ್ಟ್ರಿಕ್ ಕಾರಿನವರು ತಮ್ಮ ಕಾರಿಗೇ ಹಾನಿ ಮಾಡಿಕೊಳ್ಳುವ ಡಿಕ್ಕಿಗಳು ಶೇಕಡ 50ರಷ್ಟು ಜಾಸ್ತಿ, ಅದಕ್ಕೆ ಈ ಜೋರು ಪಿಕಪ್ ಒಂದು ಕಾರಣ ಅಂತ. ಮಾತು ಯೋಚಿಸಬೇಕಾದ್ದೇ. ಆದರೆ ಅದನ್ನು ಜನರ ಮುಂದೆ ತೋರಿಸಲು ಒಂದು ಟೆಸ್ಲಾ ಕಾರನ್ನು ಗುದ್ದಿಸಿ ಪಲ್ಟಿ ಹೊಡೆಸಿದರು, ಬೆಂಕಿಯೂ ಹತ್ತಿತು. ಆಮೇಲೆ ನೋಡಿದರೆ ಕಾರಿನ ಬ್ಯಾಟರಿಯನ್ನು ಮೊದಲೇ ತೆಗೆದಿದ್ದರು, ಬೆಂಕಿಯನ್ನು ತಾವೇ ಹಚ್ಚಿದ್ದರು. ಕಂಪನಿ ಕ್ಷಮೆ ಕೇಳಬೇಕಾಯಿತು. ಹೇಳಬೇಕಾದ ಸತ್ಯ ಕೈಯಲ್ಲಿದ್ದಾಗಲೂ ಪಟಾಕಿ ಹಚ್ಚಿ ಕೆಡಿಸಿಕೊಂಡರು. ಈಗ ಆ ಶೇಕಡ 50ರ ಮಾತು ಎತ್ತಿದರೆ, ಓ ಆ ನಾಟಕವಾ ಅನ್ನುತ್ತಾರೆ.

ತೂಕದ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಅದು ಬೇರೆಯದೇ ದಿನದ ಮಾತು. ಅಮೆರಿಕದ ಹಮ್ಮರ್ ಎಂಬ ದೈತ್ಯ ಎಲೆಕ್ಟ್ರಿಕ್ ಗಾಡಿ 4,000 ಕೆ.ಜಿ.ಗೂ ಮೇಲೆ. ಅದರ ಬ್ಯಾಟರಿ ಒಂದೇ 1,300 ಕೆ.ಜಿ., ಹೆಚ್ಚುಕಡಿಮೆ ಒಂದು ಹೋಂಡಾ ಸಿವಿಕ್ ಕಾರಿನಷ್ಟು. ಅಲ್ಲಿನ ಸಾರಿಗೆ ಸುರಕ್ಷಾ ಮಂಡಳಿಯ ಮುಖ್ಯಸ್ಥೆ ಜೆನಿಫರ್ ಹೊಮೆಂಡಿ 2023ರ ಜನವರಿಯಲ್ಲಿ ಈ ಹೋಲಿಕೆಯನ್ನೇ ಮುಂದಿಟ್ಟು ಎಚ್ಚರಿಸಿದ್ದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ರಿವಿಯನ್ ಎಲೆಕ್ಟ್ರಿಕ್ ಟ್ರಕ್ಕನ್ನು ರಸ್ತೆ ಬದಿಯ ಉಕ್ಕಿನ ತಡೆಗೆ ಗುದ್ದಿಸಿದರು. ತಡೆ ಹರಿಯಿತು, ಟ್ರಕ್ ನಿಲ್ಲಲಿಲ್ಲ.

ಹಾಗಾದರೆ ಶಕ್ತಿಗೆ ಕಡಿವಾಣ ಹಾಕಬಹುದಾ? ಹಿಂದೆ ಹಾಕಿದ್ದಾರೆ. ಜಪಾನಿನ ಕಾರು ಕಂಪನಿಗಳು 1989ರ ಸುಮಾರಿಗೆ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವು: ಜಪಾನಿನಲ್ಲಿ ಮಾರುವ ಯಾವ ಕಾರಿಗೂ 280 ಹಾರ್ಸ್ ಪವರ್‌ಗಿಂತ ಜಾಸ್ತಿ ಇಲ್ಲ. 2004ರವರೆಗೆ ಅದು ನಡೆಯಿತು. ಕಾಗದದ ಮೇಲೆ ನಡೆಯಿತು ಅನ್ನಿ. ಕೆಲವು ಕಾರುಗಳಿಗೆ ನಿಜದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತಿತ್ತು, ಪುಸ್ತಕದಲ್ಲಿ ಮಾತ್ರ 280 ಅಂತ ಬರೆಯುತ್ತಿದ್ದರು. ಫ್ರಾನ್ಸಿನಲ್ಲಿ ಮೋಟಾರ್ ಬೈಕುಗಳಿಗೆ 100 ಹಾರ್ಸ್ ಪವರ್ ಮಿತಿ ಇತ್ತು. 2016ರಲ್ಲಿ ಅದನ್ನೂ ತೆಗೆದರು.

ಆಸ್ಟ್ರೇಲಿಯಾದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಇನ್ನೊಂದು ದಾರಿ ಹಿಡಿದಿದೆ. 2024ರ ಡಿಸೆಂಬರ್‌ನಿಂದ ಅಲ್ಲಿ ಅತಿ ಶಕ್ತಿಯ ಕಾರು ಓಡಿಸಲು ಪ್ರತ್ಯೇಕ ಲೈಸೆನ್ಸ್ ವರ್ಗವೇ ಬೇಕು. ಯಾವುದು ಅತಿ ಶಕ್ತಿಯದು? ಒಂದು ಟನ್ ತೂಕಕ್ಕೆ 276 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ. ಯೋಚನೆ ಒಳ್ಳೆಯದು. ಅಳತೆಗೋಲು ಮಾತ್ರ ನನಗೆ ಹಿಡಿಸಲಿಲ್ಲ. ಟೆಸ್ಲಾ ಪ್ಲ್ಯಾಡ್ ಈ ಬಲೆಗೆ ಬೀಳುತ್ತದೆ, ಸರಿ. ಸಾವಿರ ಹಾರ್ಸ್ ಪವರ್‌ನ ಹಮ್ಮರ್‌ಗೆ ಇದೇ ಲೆಕ್ಕ ಹಾಕಿ ನೋಡಿ. 746 ಕಿಲೋವ್ಯಾಟನ್ನು 4.1 ಟನ್ನಿನಿಂದ ಭಾಗಿಸಿದರೆ 182. ಬಚಾವ್! ತೂಕ ಜಾಸ್ತಿ ಇದ್ದಷ್ಟೂ ಕಾಗದದ ಮೇಲೆ ಸಾಧು. ಗುದ್ದಿಸಿಕೊಂಡವನಿಗೆ ಆ ಸಾಧುತನ ಕಾಣುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಸರಿ ಅನಿಸಿದ್ದು ಚೀನಾ 2025ರ ನವೆಂಬರ್‌ನಲ್ಲಿ ಹೊರಡಿಸಿದ ಕರಡು ನಿಯಮ. ಕಾರನ್ನು ಪ್ರತಿ ಸಲ ಆನ್ ಮಾಡಿದಾಗ ಅದು ಸೌಮ್ಯ ಸ್ಥಿತಿಯಲ್ಲೇ ಇರಬೇಕು. ಆ ಸ್ಥಿತಿಯಲ್ಲಿ ನೂರು ಮುಟ್ಟಲು 5 ಸೆಕೆಂಡಿಗಿಂತ ಕಡಿಮೆ ಹಿಡಿಯಬಾರದು. ಇನ್ನೂ ಜೋರು ಬೇಕಾ? ನೀವೇ ಆರಿಸಿಕೊಳ್ಳಿ. ಶಕ್ತಿ ಕಿತ್ತುಕೊಳ್ಳುವುದಿಲ್ಲ, ಬಾಗಿಲ ಹೊರಗೆ ನಿಲ್ಲಿಸುತ್ತದೆ ಅಷ್ಟೆ. ಪೆಟ್ರೋಲ್ ಕಾಲದಲ್ಲಿ ಇದು ಕಷ್ಟವಿತ್ತು. ಈಗ ಇದು ಬರೀ ಸಾಫ್ಟ್‌ವೇರ್. ಮರ್ಸಿಡಿಸ್ ಅಮೆರಿಕದಲ್ಲಿ ತನ್ನ ಎಲೆಕ್ಟ್ರಿಕ್ ಕಾರುಗಳಿಗೆ ಹೆಚ್ಚಿನ ಪಿಕಪ್ಪನ್ನು ವರ್ಷದ ಚಂದಾ ಲೆಕ್ಕದಲ್ಲಿ ಕೊಡಲು ಹೊರಟಿತ್ತು. ಮೋಟಾರು ಅದೇ, ಬ್ಯಾಟರಿ ಅದೇ, ದುಡ್ಡು ಕಟ್ಟಿದರೆ ಬೀಗ ತೆಗೆಯುತ್ತಾರೆ. ದುಡ್ಡಿಗಾಗಿ ಹಾಕಲು ಬರುವ ಬೀಗ ಸುರಕ್ಷತೆಗಾಗಿಯೂ ಹಾಕಲು ಬರುತ್ತದೆ.

ಸುಲಭ ಅಂತ ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಶಿಯೋಮಿ ಕಂಪನಿ ಇದನ್ನೇ ಮಾಡಲು ಹೋಗಿ ಕೈ ಸುಟ್ಟುಕೊಂಡಿತು. ಅದರ ಎಸ್‌ಯು7 ಅಲ್ಟ್ರಾ ಕಾರಿಗೆ 1,548 ಹಾರ್ಸ್ ಪವರ್. ಒಂದು ಅಪ್‌ಡೇಟ್ ಕಳಿಸಿ ಅದನ್ನು 900ರ ಆಸುಪಾಸಿಗೆ ಇಳಿಸಿದರು. ಪೂರ್ತಿ ಬೇಕಾದರೆ ರೇಸ್ ಟ್ರ್ಯಾಕಿನಲ್ಲಿ ನಿಗದಿತ ಸಮಯದೊಳಗೆ ಒಂದು ಸುತ್ತು ಓಡಿಸಿ ತೋರಿಸಬೇಕು ಅಂದರು. ಮಾಲೀಕರು ರೇಗಿದರು. ದುಡ್ಡು ಕೊಟ್ಟಿದ್ದು 1,548ಕ್ಕೆ, ನೀವ್ಯಾರು ಕಿತ್ತುಕೊಳ್ಳಲಿಕ್ಕೆ? ಕಂಪನಿ ಹಿಂದೆ ಸರಿಯಿತು. ಮಾಲೀಕರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಾರುವ ಮೊದಲು ಹೇಳಬೇಕಿದ್ದ ನಿಯಮವನ್ನು ಮಾರಿದ ಮೇಲೆ ಹೇಳಿದರೆ ಯಾರಾದರೂ ರೇಗುತ್ತಾರೆ.

ತಪ್ಪು ಪೆಡಲ್ ಒತ್ತಿದ್ದನ್ನು ಕಾರೇ ಗುರುತಿಸುವ ವ್ಯವಸ್ಥೆಯೂ ಬರುತ್ತಿದೆ. ನಿಂತಿರುವ ಕಾರಿನ ಮುಂದೆ ಒಂದೆರಡು ಹೆಜ್ಜೆಯಲ್ಲೇ ಅಡ್ಡಿ ಇದೆ, ಡ್ರೈವರ್ ಆಕ್ಸಿಲರೇಟರ್ ಪೂರ್ತಿ ತುಳಿದ ಅಂದರೆ, ಇದು ತಪ್ಪೇ ಇರಬೇಕು ಅಂತ ಕಾರು ಶಕ್ತಿ ತಡೆಹಿಡಿಯುತ್ತದೆ. ವಯಸ್ಸಾದ ಡ್ರೈವರ್‌ಗಳು ಜಾಸ್ತಿ ಇರುವ ಜಪಾನ್ 2028ರ ಸೆಪ್ಟೆಂಬರ್‌ನಿಂದ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಲು ತೀರ್ಮಾನಿಸಿದೆ. ಆ ದಿನ ದಿಬ್ಬದ ಮೇಲೆ ನನ್ನ ಮರ್ಯಾದೆ ಉಳಿಸಿದ್ದು ಇಂಥದ್ದೇ ಏನೋ ಇರಬೇಕು ಅಂತ ನನ್ನ ಅನುಮಾನ.

ಈಗ ನಿಮ್ಮಲ್ಲಿ ಕೆಲವರು ಕೇಳಲು ಕಾದಿರುವ ಪ್ರಶ್ನೆ. ಓವರ್‌ಟೇಕ್ ಮಾಡುವಾಗ ಶಕ್ತಿ ಇದ್ದರೇ ಕ್ಷೇಮ ಅಲ್ವಾ? ಹೌದು. ಎದುರು ಬದಿಯ ಲೇನಿನಲ್ಲಿ ಎಂಟು ಸೆಕೆಂಡ್ ಇರುವ ಬದಲು ನಾಲ್ಕೇ ಸೆಕೆಂಡ್ ಇದ್ದರೆ ಒಳ್ಳೆಯದೇ. ನಾನು ವಾದ ಮಾಡುವುದಿಲ್ಲ. ಆದರೆ ಆ ಶಕ್ತಿ ಬೇಕಾಗುವುದು 80ರಿಂದ 110ಕ್ಕೆ ಏರುವಾಗ. ಸೊನ್ನೆಯಿಂದ 50ಕ್ಕಲ್ಲ. ಸಿಗ್ನಲ್ಲಿನಲ್ಲಿ, ಶಾಲೆಯ ಮುಂದೆ, ಪಾರ್ಕಿಂಗ್‌ನಲ್ಲಿ ಓವರ್‌ಟೇಕ್ ಇಲ್ಲ. ಮೋಟಾರಿಗೆ ಎಷ್ಟು ವೇಗದಲ್ಲಿ ಎಷ್ಟು ಬಲ ಕೊಡಬೇಕು ಅಂತ ಬೇರೆಬೇರೆಯಾಗಿ ಹೇಳಬಹುದು. ಕೆಳಗಿನ ವೇಗದಲ್ಲಿ ಮೆತ್ತಗೆ, ಮೇಲಿನ ವೇಗದಲ್ಲಿ ಧಾರಾಳವಾಗಿ. ಈ ಮಾತು ಟಾಪ್ ಸ್ಪೀಡ್ ಮಿತಿ ಹಾಕಿದವರಿಗೂ ಹೊಳೆದಿಲ್ಲ ಅಂತ ನನಗೆ ಸೋಜಿಗ. ವೋಲ್ವೋ 2020ರಲ್ಲೇ ತನ್ನ ಎಲ್ಲ ಕಾರುಗಳ ವೇಗವನ್ನು 180ಕ್ಕೆ ನಿಲ್ಲಿಸಿತು, ಮೆಚ್ಚಬೇಕು. ಅದೇ ಕಂಪನಿಯ ಪುಟ್ಟ ಕಾರೇ ಈಗ 3.6 ಸೆಕೆಂಡಿನದು.

5 ಸೆಕೆಂಡ್ ಸಾಕೇ ಅಂತ ಕೇಳಿದರೆ ಮತ್ತೆ ಅದೇ ಲೆಕ್ಕ ಹಾಕಿ. 5 ಸೆಕೆಂಡಿನ ಕಾರು ಒಂದೂವರೆ ಸೆಕೆಂಡಿನಲ್ಲಿ ಮುಟ್ಟುವುದು 30 ಕಿ.ಮೀ. ಎಷ್ಟೋ ನಗರಗಳು ವಸತಿ ಬೀದಿಗಳಿಗೆ ಇಟ್ಟಿರುವ ಮಿತಿ ಅದೇ. ನನ್ನನ್ನು ಕೇಳಿದರೆ 7 ಸೆಕೆಂಡ್ ಅಂತೀನಿ, ಆಗ ಅದು 21ಕ್ಕೆ ಇಳಿಯುತ್ತದೆ. ಅದನ್ನು ಯಾವ ಕಂಪನಿಯೂ ಒಪ್ಪಲಿಕ್ಕಿಲ್ಲ.

ಹಿಂದೆ ಒಂದು ಕಡೆ ಇದೇ ವಿಷಯ ಮಾತಾಡಿ ಕೆಳಗಿಳಿದಾಗ ಒಬ್ಬ ಹಿರಿಯರು ಬಂದು, ‘ನನ್ನ ಕಾರಿನಲ್ಲೂ ಆ ಮೆತ್ತನೆ ಮೋಡ್ ಇದೆಯಾ, ತೋರಿಸಿ’ ಅಂದರು. ಹೊರಗೆ ಹೋಗಿ ಅವರ ಕಾರಿನಲ್ಲಿ ಕೂತೆವು. ಇಬ್ಬರೂ ಕನ್ನಡಕ ಹಾಕಿಕೊಂಡು ಪರದೆ ಒತ್ತುತ್ತಾ ಹೋದೆವು. ಒಂದು ಮೆನು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕೊನೆಗೆ ಸಿಕ್ಕಿತು. ಜೋರು ಮೋಡಿನ ಬಟನ್ ಮಾತ್ರ ಸ್ಟೇರಿಂಗ್ ಮೇಲೇ ಇತ್ತು, ಹೆಬ್ಬೆರಳಿಗೆ ಎಟುಕುವ ಹಾಗೆ.